ಶ್ರೀಲಂಕಾಗೆ ಹೋಗುವವರು ಊರು ಆಮೇಲೆ ಆರಿಸಿ, ಮೊದಲು ತಿಂಗಳು ನೋಡಿ

ಬಳ್ಳಾರಿ, ರಾಯಚೂರು, ಕೊಪ್ಪಳದ ಓದುಗರಿಂದ ಬರುವ ಪ್ರವಾಸದ ಪ್ರಶ್ನೆಗಳಲ್ಲಿ ಈಗ ಶ್ರೀಲಂಕಾದವೇ ಹೆಚ್ಚು. ಅವುಗಳಲ್ಲೂ ಒಂದೇ ಪ್ರಶ್ನೆ ಊರಿನ ಹೆಸರು ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತಿದೆ. ಅದಕ್ಕೆ ಈ ಸಲ ವಿವರವಾಗಿ ಉತ್ತರಿಸುತ್ತೇನೆ, ಉಳಿದವಕ್ಕೆ ಚುಟುಕಾಗಿ. ಪಾಸ್‌ಪೋರ್ಟ್ ಮಾಡಿಸುವುದು ಹೇಗೆ, ಟಿಕೆಟ್ ತೆಗೆಸುವುದು ಹೇಗೆ ಎಂದು ದಯವಿಟ್ಟು ಕೇಳಬೇಡಿ. ಇಟಿಎ ಎಂಬ, ಹೊರಡುವ ಮೊದಲೇ ಪಡೆಯುವ ಪ್ರವೇಶ ಅನುಮತಿಯನ್ನು ಶ್ರೀಲಂಕಾ ಸರ್ಕಾರದ ಅಧಿಕೃತ ತಾಣದಲ್ಲೇ ಪಡೆಯಿರಿ. ಅದರಂತೆಯೇ ಕಾಣುವ ಖಾಸಗಿ ತಾಣಗಳು ಅದೇ ಕೆಲಸಕ್ಕೆ ಹೆಚ್ಚು ದುಡ್ಡು ಕೀಳುತ್ತವೆ.

ಪ್ರಶ್ನೆ: ನಾವು ಗಂಗಾವತಿಯ ಎರಡು ಕುಟುಂಬ. ದೊಡ್ಡವರು ಆರು ಜನ, ಮಕ್ಕಳು ಮೂವರು. ದಸರಾ ರಜೆಯಲ್ಲಿ ಐದು ರಾತ್ರಿ ಶ್ರೀಲಂಕಾಗೆ ಹೋಗಬೇಕೆಂದಿದ್ದೇವೆ. ಸಮುದ್ರ, ಕಾಡುಪ್ರಾಣಿ, ದೇವಸ್ಥಾನ ಮೂರೂ ಬೇಕು. ಏಜೆಂಟರು ಸಿಗಿರಿಯ, ಕ್ಯಾಂಡಿ, ಯಾಲ, ಬೆಂಟೋಟ ಹೀಗೆ ದಿನಕ್ಕೊಂದು ಊರು ಹಾಕಿ ಕೊಟ್ಟಿದ್ದಾರೆ. ಸರಿ ಇದೆಯೇ?

ಸರಿ ಇಲ್ಲ. ತಿಂಗಳೂ ತಪ್ಪು, ದಾರಿಯೂ ತಪ್ಪು.

ಮೊದಲು ತಿಂಗಳ ಮಾತು. ಶ್ರೀಲಂಕಾಗೆ ಎರಡು ಮಳೆಗಾಲ. ಮೇಯಿಂದ ಸೆಪ್ಟೆಂಬರ್‌ವರೆಗೆ ನೈರುತ್ಯದ ಮಳೆ ಪಶ್ಚಿಮ ಮತ್ತು ದಕ್ಷಿಣ ತೀರಕ್ಕೆ ಹೊಡೆಯುತ್ತದೆ. ಬೆಂಟೋಟ, ಹಿಕ್ಕಡುವ, ಮಿರಿಸ್ಸ ಆ ಕಡೆಯವು. ನಡುವಿನ ಬೆಟ್ಟಗಳು ಮಳೆಮೋಡ ತಡೆಯುವುದರಿಂದ ಅದೇ ತಿಂಗಳುಗಳಲ್ಲಿ ಪೂರ್ವದ ಟ್ರಿಂಕೋಮಲಿ, ಪಾಸಿಕುಡದಲ್ಲಿ ಬಿಸಿಲು, ಶಾಂತ ಕಡಲು. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಈಶಾನ್ಯದ ಮಳೆ ಪೂರ್ವಕ್ಕೆ ತಿರುಗುತ್ತದೆ. ಆಗ ದಕ್ಷಿಣ ತೀರ ಚೆನ್ನ, ಮಾರ್ಚ್ ಮುಗಿಯುವವರೆಗೂ ಚೆನ್ನ. ಇವೆರಡರ ನಡುವಿನ ಅಕ್ಟೋಬರ್, ನವೆಂಬರ್ ಯಾವ ತೀರಕ್ಕೂ ನಂಬಿಕೆಯಿಲ್ಲದ ಕಾಲ. ಮಧ್ಯಾಹ್ನದ ಮೇಲೆ ಗುಡುಗುಮಳೆ, ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿತ, ಕಡಲದಂಡೆಯಲ್ಲಿ ನೀರಿಗಿಳಿಯಬೇಡಿ ಎನ್ನುವ ಕೆಂಪು ಬಾವುಟ. ನಿಮ್ಮ ಏಜೆಂಟರು ಒಂಬತ್ತು ಜನರನ್ನು ಆ ತಿಂಗಳಲ್ಲಿ ಬೆಂಟೋಟದ ಕೋಣೆಯೊಳಗೆ ಕೂರಿಸಲು ಹೊರಟಿದ್ದಾರೆ. ಯಾಲ ಉದ್ಯಾನದ ಮುಖ್ಯ ಭಾಗವನ್ನೂ ಬರದ ಕಾರಣಕ್ಕೆ ಸಾಮಾನ್ಯವಾಗಿ ಸೆಪ್ಟೆಂಬರ್‌ನಿಂದ ಅಕ್ಟೋಬರ್ ಮಧ್ಯದವರೆಗೆ ಮುಚ್ಚುತ್ತಾರೆ. ಇದನ್ನು ಹೇಳದೆ ಮುಂಗಡ ತೆಗೆದುಕೊಳ್ಳುವುದು ವ್ಯಾಪಾರವಲ್ಲ, ಮೋಸ.

ದಸರಾ ರಜೆಯೂ ಪ್ರತಿ ವರ್ಷ ಒಂದೇ ದಿನಕ್ಕೆ ಬೀಳುವುದಿಲ್ಲ. 2025ರಲ್ಲಿ ವಿಜಯದಶಮಿ ಅಕ್ಟೋಬರ್ 2ಕ್ಕೆ ಬಂದಿತ್ತು. ಅಂಥ ವರ್ಷ ಸೆಪ್ಟೆಂಬರ್ ಕೊನೆಯ ವಾರದಲ್ಲಿ ಪೂರ್ವ ತೀರಕ್ಕೆ ಹೋಗಿಬರಬಹುದು. ಹಬ್ಬ ಅಕ್ಟೋಬರ್ 15 ದಾಟಿ ಬಿದ್ದ ವರ್ಷ ಈ ಪ್ರವಾಸದ ಯೋಚನೆಯೇ ಬೇಡ.

ಮಕ್ಕಳ ಶಾಲೆ ನೋಡಿಕೊಂಡು ಹೋಗುವವರಿಗೆ ನನ್ನ ಸಲಹೆ ಮೇ ತಿಂಗಳ ಎರಡನೇ ಮತ್ತು ಮೂರನೇ ವಾರ. ಏಪ್ರಿಲ್ ಬೇಡ. 13, 14ಕ್ಕೆ ಸಿಂಹಳ ಮತ್ತು ತಮಿಳರ ಹೊಸ ವರ್ಷ. ಆಚೀಚೆ ಒಂದು ವಾರ ಅಂಗಡಿ ಮುಚ್ಚಿರುತ್ತವೆ, ಚಾಲಕರು ಊರಿಗೆ ಹೋಗಿರುತ್ತಾರೆ, ಕೋಣೆ ಬಾಡಿಗೆ ಏರಿರುತ್ತದೆ. ವೈಶಾಖ ಹುಣ್ಣಿಮೆ, ಅಂದರೆ ವೆಸಾಕ್, ನಿಮ್ಮ ದಿನಗಳೊಳಗೆ ಬಂದರೆ ಅದು ಭಾಗ್ಯ. ಬಿದಿರು ಮತ್ತು ಕಾಗದದ ಗೂಡುದೀಪಗಳಿಂದ ಊರೆಲ್ಲ ಬೆಳಗುತ್ತದೆ, ಬೀದಿಬೀದಿಯಲ್ಲಿ ದನ್ಸಲ್ ಎಂಬ ದಾಸೋಹ ನಡೆಯುತ್ತದೆ, ಯಾರು ಬೇಕಾದರೂ ಸಾಲಿನಲ್ಲಿ ನಿಂತು ಉಣ್ಣಬಹುದು. ಆದರೆ ಕೋಣೆಗಳನ್ನು ಎರಡು ತಿಂಗಳ ಮೊದಲೇ ಹಿಡಿಯಬೇಕು.

ಇನ್ನು ದಾರಿ. ಅಲ್ಲಿ ಕೊಲಂಬೊದಿಂದ ಹೊರಡುವ ಎಕ್ಸ್‌ಪ್ರೆಸ್‌ವೇ ಬಿಟ್ಟರೆ ಉಳಿದ ರಸ್ತೆಗಳಲ್ಲಿ ಗಂಟೆಗೆ 40 ಕಿಲೋಮೀಟರ್ ಲೆಕ್ಕ ಹಾಕಿ. ಹೊಸಪೇಟೆ ಹೆದ್ದಾರಿಯ ವೇಗವನ್ನು ಮನಸ್ಸಿನಲ್ಲಿಟ್ಟುಕೊಂಡು ನಕ್ಷೆ ನೋಡಬೇಡಿ. ಕ್ಯಾಂಡಿಯಿಂದ ಯಾಲ ಕಡೆಗೆ ಬೆಟ್ಟ ಇಳಿದು ಹೋಗಲು ಆರು ತಾಸು ಬೇಕು. ಏಜೆಂಟರ ಪಟ್ಟಿಯಂತೆ ಹೋದರೆ ಮಕ್ಕಳು ನೋಡುವುದು ವ್ಯಾನಿನ ಕಿಟಕಿಯನ್ನು.

ಅದರ ಬದಲು ಒಂದು ಸಣ್ಣ ತ್ರಿಕೋನ ಹಿಡಿಯಿರಿ: ಹಬರಣ, ಪೊಲೊನ್ನರುವ, ಟ್ರಿಂಕೋಮಲಿ. ಕೋಟೆ, ಆನೆ, ಶಿವಾಲಯ, ಹವಳದ ಕಡಲು ಎಲ್ಲವೂ ಒಂದರಿಂದ ಒಂದಕ್ಕೆ ಎರಡು, ಎರಡೂವರೆ ತಾಸಿನೊಳಗಿವೆ. ಒಟ್ಟು ಏಳು ರಾತ್ರಿ ಇಡಿ.

ಕಟುನಾಯಕೆ ವಿಮಾನ ನಿಲ್ದಾಣ ಕೊಲಂಬೊದಲ್ಲಿಲ್ಲ, ಉತ್ತರಕ್ಕೆ ನೆಗೊಂಬೊ ಪಕ್ಕದಲ್ಲಿದೆ. ಮೊದಲ ರಾತ್ರಿ ನೆಗೊಂಬೊದಲ್ಲೇ ಮಲಗಿ, ಕೊಲಂಬೊ ನಗರದ ಗೋಜಿಗೆ ಹೋಗಬೇಡಿ. ಬೆಳಿಗ್ಗೆ ಹೊರಟರೆ ಸುಮಾರು ನಾಲ್ಕು ತಾಸಿಗೆ ಹಬರಣ. ಅಲ್ಲಿ ಮೂರು ರಾತ್ರಿ. ಒಂದು ದಿನ ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಸಿಗಿರಿಯದಲ್ಲಿರಿ. ಐದನೇ ಶತಮಾನದಲ್ಲಿ ಕಾಶ್ಯಪ ರಾಜ ಬಂಡೆಯ ನೆತ್ತಿಯ ಮೇಲೆ ಕಟ್ಟಿಸಿದ ಅರಮನೆಗೆ ಸುಮಾರು 1,200 ಮೆಟ್ಟಿಲು. ಬಂಡೆಯಲ್ಲಿ ಹೆಜ್ಜೇನಿನ ಗೂಡುಗಳಿವೆ. ಕೂಗಾಡಬೇಡಿ, ಗದ್ದಲದಿಂದ ಅವು ಎದ್ದರೆ ಆ ದಿನ ಹತ್ತುವುದನ್ನೇ ನಿಲ್ಲಿಸುತ್ತಾರೆ. "ನಾವು ಬಳ್ಳಾರಿ ಬಿಸಿಲಿನವರು, ನಮಗೇನಾಗುತ್ತೆ" ಎನ್ನುವವರೇ ಅಲ್ಲಿ ತಲೆಸುತ್ತಿ ಕೂರುತ್ತಾರೆ. ನಮ್ಮ 42 ಡಿಗ್ರಿ ಒಣ ಬಿಸಿಲಿನಲ್ಲಿ ಬೆವರು ಕೂಡಲೇ ಆರಿ ಮೈ ತಣಿಸುತ್ತದೆ. ಅಲ್ಲಿ 33 ಡಿಗ್ರಿಯೇ ಇದ್ದರೂ ಗಾಳಿಯಲ್ಲಿ ತೇವ ತುಂಬಿರುತ್ತದೆ. ಬೆವರು ಆರದೆ ಹರಿದು ಹೋಗುತ್ತದೆ, ಉಪ್ಪು ಹೋಗುತ್ತದೆ, ಮೈ ಮಾತ್ರ ತಣಿಯುವುದಿಲ್ಲ. ತಲೆಗೆ ಒಂದು ಲೀಟರ್ ನೀರು, ಒಂದು ಪೊಟ್ಟಣ ಓಆರ್‌ಎಸ್ ಒಯ್ಯಿರಿ, ಹತ್ತು ಗಂಟೆಯೊಳಗೆ ಕೆಳಗಿಳಿಯಿರಿ. ಅದೇ ದಿನ ಸಂಜೆ ದಂಬುಲ್ಲದ ಗುಹಾದೇಗುಲ.

ಇನ್ನೊಂದು ದಿನ ಬೆಳಿಗ್ಗೆ ಪೊಲೊನ್ನರುವ. ಚೋಳರು 11ನೇ ಶತಮಾನದಲ್ಲಿ ಅಲ್ಲಿಂದ ಆಳಿದಾಗ ಕಟ್ಟಿಸಿದ ಕಲ್ಲಿನ ಶಿವಾಲಯ ಈಗಲೂ ನಿಂತಿದೆ. ಪರಾಕ್ರಮಬಾಹು ಕಟ್ಟಿಸಿದ ಪರಾಕ್ರಮ ಸಮುದ್ರ ಕೆರೆಯೂ ಪಕ್ಕದಲ್ಲೇ. ಮಧ್ಯಾಹ್ನ ಮೂರಕ್ಕೆ ಹಬರಣದಿಂದ ಆನೆ ನೋಡಲು ಜೀಪು.

ಆನೆಯ ವಿಷಯದಲ್ಲೇ ಜನ ಹೆಚ್ಚು ಏಮಾರುವುದು. ಮಿನ್ನೇರಿಯದಲ್ಲಿ ನೂರಾರು ಆನೆ ಒಟ್ಟಿಗೆ ಸೇರುವ ಚಿತ್ರ ತೋರಿಸಿ ಹನ್ನೆರಡು ತಿಂಗಳೂ ಟಿಕೆಟ್ ಮಾರುತ್ತಾರೆ. ಬೇಸಿಗೆಯಲ್ಲಿ ತುಂಗಭದ್ರಾ ಹಿನ್ನೀರು ಸರಿದ ಜಾಗದಲ್ಲಿ ಹುಲ್ಲು ಚಿಗುರಿ ಕುರಿಹಿಂಡು ಇಳಿಯುವುದನ್ನು ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಮಿನ್ನೇರಿಯ ಮೂರನೇ ಶತಮಾನದಲ್ಲಿ ಮಹಾಸೇನ ರಾಜ ಕಟ್ಟಿಸಿದ ನೀರಾವರಿ ಕೆರೆ. ಜುಲೈನಿಂದ ಸೆಪ್ಟೆಂಬರ್‌ವರೆಗೆ ನೀರು ಇಳಿದಾಗ ಕೆರೆಯಂಗಳದಲ್ಲಿ ಎಳೆ ಹುಲ್ಲು ಬರುತ್ತದೆ, ಸುತ್ತಲ ಕಾಡು ಒಣಗಿದಾಗ ಆನೆಗಳು ಅದಕ್ಕಾಗಿ ಬರುತ್ತವೆ. ಕೆರೆ ತುಂಬಿದ್ದರೆ ಹುಲ್ಲಿಲ್ಲ, ಹುಲ್ಲಿಲ್ಲದಿದ್ದರೆ ಆನೆ ಇಲ್ಲ. ಮೊರಗಹಕಂದ ಜಲಾಶಯ ಆದ ಮೇಲೆ ಅಲ್ಲಿಂದ ಬಿಟ್ಟ ನೀರಿಗೆ ಒಣ ತಿಂಗಳಲ್ಲೂ ಹುಲ್ಲು ಮುಳುಗಿದ್ದುಂಟು. ಆದ್ದರಿಂದ ಮನೆಯಲ್ಲಿ ಕೂತು ಉದ್ಯಾನದ ಹೆಸರು ಹಿಡಿದು ಟಿಕೆಟ್ ಮಾಡಿಸಬೇಡಿ. ಮಿನ್ನೇರಿಯ, ಕೌದುಲ್ಲ, ಹುರುಲು ಮೂರೂ ಹಬರಣದ ಆಸುಪಾಸಿನಲ್ಲಿವೆ, ಆನೆಗಳು ಅವುಗಳ ನಡುವೆ ಓಡಾಡುತ್ತವೆ. ಆ ವಾರ ಎಲ್ಲಿವೆ ಎಂದು ಹಬರಣದ ಜೀಪಿನವರಿಗೆ ಗೊತ್ತಿರುತ್ತದೆ. ಅಂದು ಬೆಳಿಗ್ಗೆ ಕೇಳಿ ನಿರ್ಧರಿಸಿ. ಒಂದು ಜೀಪಿಗೆ ಆರು ಜನ, ನಿಮಗೆ ಎರಡು ಬೇಕು. ಜೀಪಿನ ಬಾಡಿಗೆ ಬೇರೆ, ಉದ್ಯಾನದ ಟಿಕೆಟ್ ಬೇರೆ. ಹೇಳಿದ ದರದಲ್ಲಿ ಎರಡೂ ಸೇರಿವೆಯೇ ಎಂದು ಮೊದಲೇ ಬಾಯಿಬಿಟ್ಟು ಕೇಳಿ. ಸಿಗಿರಿಯದಂಥ ಕಡೆ ಭಾರತವೂ ಸೇರಿದ ಸಾರ್ಕ್ ಒಕ್ಕೂಟದ ದೇಶದವರಿಗೆ ಕಡಿಮೆ ದರವಿದೆ, ಅಸಲು ಪಾಸ್‌ಪೋರ್ಟ್ ತೋರಿಸಿದರೆ ಮಾತ್ರ ಸಿಗುತ್ತದೆ.

ಉಳಿದ ಮೂರು ರಾತ್ರಿ ಟ್ರಿಂಕೋಮಲಿಯ ಉತ್ತರದ ನಿಲಾವೆಲಿ. ಹಬರಣದಿಂದ ಅಲ್ಲಿಗೆ ಹೋಗುವ ರಸ್ತೆಯಲ್ಲಿ ಸಂಜೆ ಆನೆ ಅಡ್ಡ ಬರುತ್ತದೆ. ಬೆಳಕಿದ್ದಾಗಲೇ ದಾಟಿ. ಕಿಟಕಿಯಿಂದ ಬಾಳೆಹಣ್ಣು ಎಸೆಯುವವರಿಂದಲೇ ಕೆಲವು ಆನೆ ವಾಹನ ತಡೆಯುವುದನ್ನು ಕಲಿತಿವೆ, ಆ ಪಾಪಕ್ಕೆ ನೀವು ಕೈಹಾಕಬೇಡಿ. ನಿಲಾವೆಲಿಯ ಎದುರಿಗಿರುವ ಪಿಜನ್ ಐಲ್ಯಾಂಡ್ ಎಂಬ ದ್ವೀಪ ಕಡಲ ರಾಷ್ಟ್ರೀಯ ಉದ್ಯಾನ. ಬೆಳಿಗ್ಗೆ ಎಂಟರೊಳಗೆ ದೋಣಿ ಹತ್ತಿ, ಹೊತ್ತೇರಿದರೆ ಗಾಳಿ ಎದ್ದು ನೀರು ಕದಡುತ್ತದೆ. ಹವಳ ಕಲ್ಲಲ್ಲ, ಜೀವ. ಅದರ ಮೇಲೆ ಕಾಲಿಟ್ಟರೆ ಅದು ಸಾಯುತ್ತದೆ, ನಿಮ್ಮ ಪಾದವೂ ಸೀಳುತ್ತದೆ, ಆ ಗಾಯ ಬೇಗ ಮಾಯುವುದಿಲ್ಲ. ಸಂಜೆ ಕೋಣೇಶ್ವರ. 17ನೇ ಶತಮಾನದಲ್ಲಿ ಪೋರ್ಚುಗೀಸರು ಕೆಡವಿದ ಶಿವಕ್ಷೇತ್ರವನ್ನು ಸಮುದ್ರಕ್ಕೆ ಚಾಚಿದ ಬಂಡೆಯ ಮೇಲೆ ಮತ್ತೆ ಕಟ್ಟಿದ್ದಾರೆ. ಪೂಜೆಯ ಹೊತ್ತಿಗೆ ಹೋಗಿ, ಭುಜ ಮತ್ತು ಮೊಣಕಾಲು ಮುಚ್ಚುವ ಬಟ್ಟೆ ಇರಲಿ.

ಟ್ರಿಂಕೋಮಲಿಯಿಂದ ವಿಮಾನ ನಿಲ್ದಾಣಕ್ಕೆ ಆರು ತಾಸು. ರಾತ್ರಿ ವಿಮಾನವನ್ನೇ ಹಿಡಿಯಿರಿ. ಐದೇ ರಾತ್ರಿ ಎನ್ನುವುದಾದರೆ ಒಂದು, ಎರಡು, ಎರಡು ಎಂದು ಹಂಚಿ ಪೊಲೊನ್ನರುವ ಬಿಡಿ. ಊರು ಹೆಚ್ಚಿಸಬೇಡಿ.

ಪ್ರಶ್ನೆ: ಸಿರುಗುಪ್ಪದವರು ನಾವು, ಕಾಲುವೆಯಲ್ಲಿ ಈಜಿ ಬೆಳೆದವರು. ಕಡಲಿನಲ್ಲಿ ಲೈಫ್ ಜಾಕೆಟ್ ಬೇಕೇ?

ಬೇಕು. ಕಾಲುವೆಯ ಸೆಳವು ಒಂದೇ ದಿಕ್ಕಿಗೆ, ಎರಡೂ ಕಡೆ ದಡ. ಕಡಲಿನಲ್ಲಿ ಅಲೆಗಳು ದಡಕ್ಕೆ ತಂದು ಸುರಿದ ನೀರು ಯಾವುದೋ ಒಂದು ಸಂದಿಯಿಂದ ವಾಪಸ್ ನುಗ್ಗುತ್ತದೆ. ಆ ಸಂದಿಯಲ್ಲಿ ಅಲೆ ಒಡೆಯುವುದಿಲ್ಲ. ಎರಡು ಬದಿಯಲ್ಲಿ ಬಿಳಿ ನೊರೆ, ನಡುವೆ ಸಪಾಟಾದ, ಸ್ವಲ್ಪ ಕಪ್ಪಾದ ನೀರು. "ಇಲ್ಲಿ ಅಲೆ ಕಡಿಮೆ" ಎಂದು ಜನ ಮಕ್ಕಳನ್ನು ಅಲ್ಲೇ ಇಳಿಸುತ್ತಾರೆ. ಸಿಕ್ಕಿಬಿದ್ದರೆ ದಡದ ಕಡೆ ಎದುರೀಜಬೇಡಿ, ಎಂಥ ಈಜುಗಾರನೂ ನಿಮಿಷಗಳಲ್ಲಿ ಸೋಲುತ್ತಾನೆ. ಅಂಗಾತ ತೇಲಿ, ಕೈ ಎತ್ತಿ ಕರೆಯಿರಿ, ಸೆಳವು ಸಡಿಲಾದಾಗ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ನೊರೆಯಿರುವ ಕಡೆಯಿಂದ ಬನ್ನಿ. ಕುಡಿದವರು ನೀರಿಗಿಳಿಯಲೇಬಾರದು. ಇದರಲ್ಲಿ ವಾದವಿಲ್ಲ.

ಪ್ರಶ್ನೆ: ಆನೆ ಸವಾರಿ, ಆನೆಗೆ ಸ್ನಾನ ಮಾಡಿಸುವುದು ಎಲ್ಲಿ ಸಿಗುತ್ತದೆ?

ಹೇಳುವುದಿಲ್ಲ. ಸರಪಳಿಯ ಆನೆ ಬೇಕೆಂದರೆ ಅಷ್ಟು ದೂರ ಹೋಗಬೇಕಿಲ್ಲ.

ಪ್ರಶ್ನೆ: ಆಮೆಮರಿಗಳನ್ನು ಕೈಯಲ್ಲಿ ಹಿಡಿದು ಕಡಲಿಗೆ ಬಿಡಬಹುದಂತೆ, ನಿಜವೇ?

ಹಾಗೆ ದುಡ್ಡು ಪಡೆದು ಹಿಡಿಸುವ ಜಾಗಗಳಿವೆ, ಹೋಗಬೇಡಿ. ಮೊಟ್ಟೆಯಿಂದ ಬಂದ ಮರಿಯ ಹೊಟ್ಟೆಯಲ್ಲಿ ಉಳಿದ ಮೊಟ್ಟೆಯ ಹಳದಿಯ ಶಕ್ತಿ ಮೊದಲ ಕೆಲವು ದಿನಕ್ಕೆ ಮಾತ್ರ. ಆ ಶಕ್ತಿಯಲ್ಲಿ ಅದು ರಾತ್ರೋರಾತ್ರಿ ದಡ ಬಿಟ್ಟು ದೂರ ಈಜಬೇಕು. ಪ್ರವಾಸಿಗರಿಗಾಗಿ ತೊಟ್ಟಿಯಲ್ಲಿ ಇಟ್ಟರೆ ಗೋಡೆಗೆ ಬಡಿದು ಬಡಿದು ಆ ಶಕ್ತಿ ಅಲ್ಲೇ ಖರ್ಚಾಗುತ್ತದೆ. ಹಗಲಲ್ಲಿ ಬಿಟ್ಟರೆ ಹಕ್ಕಿ, ಮೀನುಗಳ ಪಾಲು. ದಕ್ಷಿಣ ತೀರಕ್ಕೆ ಹೋದಾಗ ರೆಕವ ಎಂಬ ಕಡಲದಂಡೆಯಲ್ಲಿ ಆಮೆಗಳ ರಾತ್ರಿ ಕಾವಲಿನವರ ಜೊತೆ ಹೋಗಿ, ತಾಯಿ ಆಮೆ ಮೊಟ್ಟೆಯಿಡಲು ಶುರುಮಾಡಿದ ಮೇಲೆ ಹಿಂದಿನಿಂದ, ಫ್ಲ್ಯಾಶ್ ಇಲ್ಲದೆ ನೋಡಿ.

ಪ್ರಶ್ನೆ: ಮಾತಲೆಯ ಸಾಂಬಾರ ತೋಟದಲ್ಲಿ ಮೊಣಕಾಲು ನೋವಿಗೆ ಎಣ್ಣೆ ಕೊಡುತ್ತಾರಂತೆ. ತಾಯಿಗೆ ತರಲೇ?

ತರಬೇಡಿ. ಬಿಳಿ ಕೋಟು ತೊಟ್ಟ ಮಾತುಗಾರ ವೈದ್ಯನಾಗುವುದಿಲ್ಲ. ಒಂದೇ ಬಾಟಲಿ ಮಂಡಿ, ಮಧುಮೇಹ, ಬೋಳುತಲೆ ಮೂರಕ್ಕೂ ಆಗುತ್ತದೆ ಎಂದ ಕೂಡಲೇ ಎದ್ದು ಬನ್ನಿ. ನೀವು ಕೊಟ್ಟ ಹಣದಲ್ಲಿ ನಿಮ್ಮನ್ನು ಅಲ್ಲಿಗೆ ಕರೆತಂದ ಚಾಲಕನ ಕಮಿಷನ್ ಇರುತ್ತದೆ. ರತ್ನದ ಅಂಗಡಿಗೂ ಇದೇ ಮಾತು. ವ್ಯಾನು ಗೊತ್ತುಮಾಡುವಾಗಲೇ "ಅಂಗಡಿ ನಿಲುಗಡೆ ಬೇಡ" ಎಂದು ಬರೆಸಿಕೊಳ್ಳಿ. ತಾಯಿಯ ಮಂಡಿಯನ್ನು ಊರಿನ ಮೂಳೆ ವೈದ್ಯರಿಗೆ ತೋರಿಸಿ.

ಪ್ರಶ್ನೆ: ಅಂಜನಾದ್ರಿಯಿಂದ ಶುರುಮಾಡಿ ಅಶೋಕವನದವರೆಗೆ ರಾಮಾಯಣ ಯಾತ್ರೆ ಇದೇ ಪ್ರವಾಸದಲ್ಲಿ ಸೇರಿಸಬಹುದೇ?

ಬೇಡ. ಅಶೋಕವನವೆಂದು ನಂಬುವ ಸೀತಾ ಎಲಿಯ ಇರುವ ನುವರ ಎಲಿಯ ಊರು ಬೆಟ್ಟದ ಮೇಲೆ, ತಿರುವುಗಳ ದಾರಿ, ಚಳಿ. ಭಕ್ತಿಯಿಂದ ಹೋಗುವುದಾದರೆ ಅದಕ್ಕೇ ಒಂದು ಪ್ರವಾಸ ಇಡಿ.

ಪ್ರಶ್ನೆ: ಮಲೇರಿಯಾ ಮಾತ್ರೆ ನುಂಗಿ ಹೋಗಬೇಕೇ?

ಇಲ್ಲ. 2016ರಲ್ಲೇ ವಿಶ್ವ ಆರೋಗ್ಯ ಸಂಸ್ಥೆ ಶ್ರೀಲಂಕಾವನ್ನು ಮಲೇರಿಯಾಮುಕ್ತ ಎಂದು ಘೋಷಿಸಿದೆ. ಅಲ್ಲಿ ಜ್ವರ ಬಂದರೆ ಭಾರತದಿಂದ ಬಂದಿದ್ದೇವೆ ಎಂದು ವೈದ್ಯರಿಗೆ ತಪ್ಪದೆ ಹೇಳಿ, ಅವರು ರಕ್ತಪರೀಕ್ಷೆ ಮಾಡಬೇಕಾಗುತ್ತದೆ. ಡೆಂಗಿ ಇದೆ, ಹಗಲಲ್ಲೂ ಸೊಳ್ಳೆ ಮುಲಾಮು ಹಚ್ಚಿ.

ಪ್ರಶ್ನೆ: ಫೋನ್‌ಪೇ ನಡೆಯುತ್ತದೆಯೇ?

2024ರ ಫೆಬ್ರವರಿಯಿಂದ ಯುಪಿಐ ಶುರುವಾಗಿದೆ, ಆದರೆ ಜೀಪಿನವರು, ದೋಣಿಯವರು, ಎಳನೀರಿನವರಿಗೆ ಅಲ್ಲಿಯ ನಗದೇ ಬೇಕು.

ಪ್ರಶ್ನೆ: ಬುದ್ಧನ ಮುಂದೆ ಸೆಲ್ಫಿ ತೆಗೆದರೆ ತಪ್ಪೇ?

ವಿಗ್ರಹಕ್ಕೆ ಬೆನ್ನು ಮಾಡಿ ನಿಲ್ಲಬಾರದು. ಮೈಮೇಲೆ ಬುದ್ಧನ ಹಚ್ಚೆಯಿದ್ದರೆ ಮುಚ್ಚಿಕೊಳ್ಳಿ, ಅದಕ್ಕಾಗಿ ಪ್ರವಾಸಿಗರನ್ನು ವಾಪಸ್ ಕಳಿಸಿದ್ದಾರೆ.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು. ಅನ್ನ, ಪಲ್ಯ ಸಿಗುತ್ತದೆ ಎನ್ನುತ್ತಾರೆ, ಸಾಕಲ್ಲವೇ?

ಅನ್ನ, ಪಲ್ಯ ಎಲ್ಲೆಡೆ ಸಿಗುತ್ತದೆ. ಆದರೆ ಕಾಯಿತುರಿಯ ಸಾಂಬೋಲ, ಬೇಳೆ, ಸೊಪ್ಪಿನ ಪಲ್ಯಕ್ಕೂ ಉಂಬಲಕಡ ಎಂಬ ಒಣಮೀನಿನ ಚೂರು ಹಾಕುವ ರೂಢಿಯಿದೆ. "ವೆಜಿಟೇರಿಯನ್" ಎಂದರೆ ಮಾಂಸ ಬೇಡ ಎಂದಷ್ಟೇ ತಿಳಿಯುತ್ತಾರೆ, ಮೀನಿನ ಚೂರು ಹಾಗೇ ಉಳಿಯುತ್ತದೆ. "ಉಂಬಲಕಡ ಇಲ್ಲದೆ" ಎಂದು ಹೆಸರು ಹಿಡಿದು, ಅಡುಗೆ ಶುರುವಾಗುವ ಮೊದಲೇ ಹೇಳಿ. ಟ್ರಿಂಕೋಮಲಿಯ ತಮಿಳರ ಸೈವ, ಅಂದರೆ ಸಸ್ಯಾಹಾರಿ, ಹೋಟೆಲುಗಳಲ್ಲಿ ಈ ಚಿಂತೆಯಿಲ್ಲ. ಹಬರಣದ ಮೂರು ದಿನಕ್ಕೆ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಳ್ಳಿ. ಹಸಿ ಹಣ್ಣು, ಬೀಜ, ಸಸಿ ಮಾತ್ರ ಚೀಲದಲ್ಲಿ ಇಡಬೇಡಿ.