ಒಬ್ಬನೇ ವಾದಕ, ಮೂರು ದನಿ

ಪ್ರಶ್ನೆ: ಕದ್ರಿ ಗೋಪಾಲನಾಥರ ಸ್ಯಾಕ್ಸೊಫೋನ್ ಕೇಳುತ್ತ ಬೆಳೆದ ನನಗೆ ಗೆಳೆಯರೊಬ್ಬರು ಎರಿಕ್ ಡಾಲ್ಫಿ ಅವರ ‘ಅಟ್ ದ ಫೈವ್ ಸ್ಪಾಟ್’ ಎಂಬ ಜಾಝ್ ಆಲ್ಬಂನ ಎರಡು ಸಂಪುಟಗಳನ್ನು ಕೊಟ್ಟಿದ್ದಾರೆ. ವಾದನ ಅಂಕೆಯಿಲ್ಲದೆ ಓಡುವಂತೆಯೂ ಪಿಯಾನೊ ಶ್ರುತಿ ತಪ್ಪಿದಂತೆಯೂ ಕೇಳಿಸುತ್ತದೆ. ಇದನ್ನು ಹೇಗೆ ಆಸ್ವಾದಿಸಬೇಕು?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಪಿಯಾನೊ ವಿಚಾರದಲ್ಲಿ ನಿಮ್ಮ ಕಿವಿ ಸರಿಯಾಗಿಯೇ ಹಿಡಿದಿದೆ. ಈ ಆಲ್ಬಂ ಧ್ವನಿಮುದ್ರಣವಾದ 1961ರ ಜುಲೈ 16ರ ರಾತ್ರಿ ನ್ಯೂಯಾರ್ಕಿನ ‘ಫೈವ್ ಸ್ಪಾಟ್’ ಎಂಬ ಜಾಝ್ ಕ್ಲಬ್ಬಿನಲ್ಲಿದ್ದ ಪಿಯಾನೊ ಶ್ರುತಿಯಲ್ಲಿರಲಿಲ್ಲ. ಮಾಲ್ ವಾಲ್ಡ್ರನ್ ಅದರಲ್ಲಿಯೇ ನುಡಿಸಿದರು.

ವಾದನ ಅಂಕೆ ಮೀರಿದೆ ಎಂಬ ಮಾತನ್ನು ಮಾತ್ರ ನಾನು ಒಪ್ಪಲಾರೆ. ಮೊದಲ ಸಂಪುಟದಲ್ಲಿರುವ, ವಾಲ್ಡ್ರನ್ ಅವರದೇ ರಚನೆಯಾದ ‘ಫೈರ್ ವಾಲ್ಟ್ಜ್’ ಮೂರು ಎಣಿಕೆಯ ನಡೆಯಲ್ಲಿದೆ. ತೊಡೆಯ ಮೇಲೆ ತಾಳ ಹಾಕುತ್ತ ಕೇಳಿದರೆ, ಮೊದಲಿಗೆ ನುಡಿಸಿದ ಧಾಟಿಯ ಸ್ವರಮೇಳಗಳು (ಒಟ್ಟಿಗೆ ನುಡಿಯುವ ಸ್ವರಗುಚ್ಛಗಳು) ಆವರ್ತದಂತೆ ಮತ್ತೆ ಮತ್ತೆ ಸುತ್ತಿ ಬರುವುದೂ, ಆ ಸುತ್ತಿನೊಳಗೇ ಒಬ್ಬೊಬ್ಬರೂ ತಮ್ಮ ಕಲ್ಪನೆಯನ್ನು ಬೆಳೆಸುವುದೂ ತಿಳಿಯುತ್ತದೆ. ಕದ್ರಿಯವರ ಕೈಯಲ್ಲಿದ್ದುದೂ ಇಲ್ಲಿ ಡಾಲ್ಫಿ ನುಡಿಸುವುದೂ ಆಲ್ಟೊ ಸ್ಯಾಕ್ಸೊಫೋನೇ. ಆದರೆ ಕದ್ರಿಯವರು ಸ್ವರದಿಂದ ಸ್ವರಕ್ಕೆ ಗಮಕದಲ್ಲಿ ಜಾರಿ, ಕೀಲಿಗಳ ನಡುವಿನ ಸಂದನ್ನೇ ಅಳಿಸಿದರೆ, ಡಾಲ್ಫಿ ಮಂದ್ರದಿಂದ ತಾರಕ್ಕೆ ಒಂದೇ ನೆಗೆತದಲ್ಲಿ ಹಾರಿ ಆ ಸಂದನ್ನು ಎತ್ತಿ ತೋರಿಸುತ್ತಾರೆ. ಹಕ್ಕಿಗಳ ಕೂಗಿನಿಂದ ಕಲಿತದ್ದನ್ನು ಅವರೇ ಹೇಳಿಕೊಂಡಿದ್ದರು. ಕಳೆದ ಮಳೆಗಾಲದಲ್ಲಿ ಆಗುಂಬೆಯ ಕಡೆಯ ನೆಂಟರ ಮನೆಯ ಜಗಲಿಯಲ್ಲಿ ಕುಳಿತಿದ್ದಾಗ, ತೋಟದಾಚೆಯ ಹಳ್ಳದಿಂದ ಸಿಳ್ಳಾರ ಹಕ್ಕಿ ಎಲ್ಲಿಂದೆಲ್ಲಿಗೋ ಅಲೆಯುವ ಸಿಳ್ಳನ್ನು ಹೊರಡಿಸಿದ್ದನ್ನು ಕೇಳಿ ನನಗೆ ಈ ವಾದನವೇ ನೆನಪಾಯಿತು.

ಇನ್ನು ಅದೇ ಸಂಪುಟದ ‘ಬೀ ವ್ಯಾಂಪ್’ನಲ್ಲಿ ಬರುವ ಬಾಸ್ ಕ್ಲಾರಿನೆಟ್. ಸಾಮಾನ್ಯ ಕ್ಲಾರಿನೆಟ್ಟಿಗಿಂತ ಒಂದು ಸ್ಥಾಯಿ ಕೆಳಗೆ ನುಡಿಯುವ, ಲೋಹದ ಬಾಗಿದ ಕತ್ತಿನ ಈ ವಾದ್ಯ ಜಾಝ್‌ನಲ್ಲಿ ಹಿಂದೆಯೂ ಅಪರೂಪಕ್ಕೆ ಕೇಳಿಬಂದದ್ದುಂಟು. ಅದಕ್ಕೆ ಮುಖ್ಯ ವಾದಕನ ಸ್ಥಾನ ದೊರಕಿಸಿಕೊಟ್ಟವರು ಡಾಲ್ಫಿ. ತಳದಲ್ಲಿ ಒರಟು ಮರದ ಗುಂಗು, ಮೇಲೆ ಮನುಷ್ಯರು ಕೂಗಿದಂಥ ದನಿ, ನಡುವೆ ಯಾರೋ ಜಗಳವಾಡುತ್ತ ಮಾತಾಡಿದಂಥ ತುಣುಕುಗಳು: ಇಷ್ಟೂ ಒಂದೇ ಕೊಳವೆಯಿಂದ ಬರುತ್ತವೆ. ಆ ದನಿಯ ಎದುರು ಬುಕರ್ ಲಿಟ್ಲ್ ಅವರ ಟ್ರಂಪೆಟ್ ಎಷ್ಟು ತಿಳಿಯಾಗಿದೆ ಎಂಬುದನ್ನೂ ಗಮನಿಸಿ. ಆಗ ಅವರಿಗೆ 23 ವರ್ಷ. ಅದೇ ಅಕ್ಟೋಬರಿನಲ್ಲಿ ಅವರು ತೀರಿಕೊಂಡರು. ಡಾಲ್ಫಿಯವರೂ 1964ರಲ್ಲಿ, 36ನೆಯ ವಯಸ್ಸಿಗೆ, ಬರ್ಲಿನ್ನಿನಲ್ಲಿ ನಿಧನರಾದರು. ಈ ಜೋಡಿಯ ವಾದನ ಇಷ್ಟಾದರೂ ಉಳಿದಿದೆಯಲ್ಲ ಎಂದು ಪ್ರತಿ ಸಲವೂ ನನ್ನ ಮನಸ್ಸು ಕಲಕುತ್ತದೆ.

ನೀವು ಮೊದಲ ಸಂಪುಟವನ್ನು ಸದ್ಯಕ್ಕೆ ಬದಿಗಿಟ್ಟು, ಎರಡನೆಯದರ ‘ಲೈಕ್ ಸಮ್‌ವನ್ ಇನ್ ಲವ್’ನಿಂದ ಆರಂಭಿಸಿ. ಅದರಲ್ಲಿ ಡಾಲ್ಫಿ ಕೊಳಲು ಹಿಡಿಯುತ್ತಾರೆ, ಸುಮಾರು 20 ನಿಮಿಷದ ಆ ವಾದನ ನಿಮ್ಮ ಕಿವಿಗೆ ಬೇಗ ಒಗ್ಗುತ್ತದೆ. ಆಮೇಲೆ ‘ಬೀ ವ್ಯಾಂಪ್’, ಕೊನೆಗೆ ‘ಫೈರ್ ವಾಲ್ಟ್ಜ್’. ಅದೇ ರಾತ್ರಿ ಪಕ್ಕವಾದ್ಯವೇ ಇಲ್ಲದೆ ಬಾಸ್ ಕ್ಲಾರಿನೆಟ್ಟಿನಲ್ಲಿ ನುಡಿಸಿದ ‘ಗಾಡ್ ಬ್ಲೆಸ್ ದ ಚೈಲ್ಡ್’ ಬೇರೊಂದು ಆಲ್ಬಂ ಆದ ‘ಹಿಯರ್ ಅಂಡ್ ದೇರ್’ನಲ್ಲಿದೆ, ಅದನ್ನೂ ಗೆಳೆಯರಿಂದ ಕೇಳಿ ಪಡೆಯಿರಿ.