ಪ್ರಾಸ ಇಲ್ಲದಿದ್ದರೂ ಕವಿತೆಯೇ

ಪ್ರಾಸ ಇಲ್ಲದ ನಿಮ್ಮ ಬರಹವನ್ನು ಗೆಳೆಯರು "ಇದು ಕವಿತೆಯೇ ಅಲ್ಲ" ಅಂದರಂತೆ, ಹೌದಾ ಅಂತ ಕೇಳಿದ್ದೀರಿ. ಅಲ್ಲ ಸಾರ್, ಅವರ ಮಾತಿಗೆ ಆಧಾರವಿಲ್ಲ. ಪ್ರಾಚೀನ ಗ್ರೀಕ್ ಕವಿ ಹೋಮರನ ಮಹಾಕಾವ್ಯಗಳಲ್ಲಿ ಅಂತ್ಯಪ್ರಾಸವೇ (ಸಾಲಿನ ಕೊನೆಯ ಪ್ರಾಸ) ಇಲ್ಲ. ಸಂಸ್ಕೃತದ ಅನುಷ್ಟುಪ್ ಶ್ಲೋಕ ನಿಂತಿರುವುದೂ ಪ್ರಾಸದ ಮೇಲಲ್ಲ, 8 ಅಕ್ಷರದ 4 ಪಾದಗಳ ಲೆಕ್ಕದ ಮೇಲೆ. ನಮ್ಮ ಹಳೆಯ ಕಾವ್ಯದಲ್ಲಂತೂ ಪ್ರಾಸ ಕೂರುತ್ತಿದ್ದುದು ಸಾಲಿನ ಕೊನೆಯಲ್ಲಲ್ಲ, ಪ್ರತಿ ಸಾಲಿನ ಎರಡನೇ ಅಕ್ಷರದಲ್ಲಿ!

ಬರವಣಿಗೆ ಬರುವ ಮೊದಲೇ ಹಾಡು ಇತ್ತು. ಕಥೆ, ವಂಶಾವಳಿ, ಪ್ರಾರ್ಥನೆ ಎಲ್ಲವನ್ನೂ ಬಾಯಲ್ಲೇ ಉಳಿಸಿಕೊಳ್ಳಬೇಕಿತ್ತು. ಲಯಕ್ಕೆ ಕಟ್ಟಿದ ಮಾತು ಬೇಗ ಮರೆಯುವುದಿಲ್ಲ. ಛಂದಸ್ಸು, ಪ್ರಾಸ, ಪಲ್ಲವಿ ಎಲ್ಲ ಮೂಲತಃ ನೆನಪಿನ ಗಂಟುಗಳು ಅಂತ ನನಗನ್ನಿಸುತ್ತದೆ.

ಪ್ರಕಾರಗಳು ಬೇಕಾದಷ್ಟಿವೆ: 14 ಸಾಲಿನ ಸುನೀತ (ಸಾನೆಟ್), ಮೂರು ಸಾಲಿಗೆ 5-7-5 ಉಚ್ಚಾರ ಘಟಕಗಳ ಜಪಾನಿ ಹಾಯ್ಕು, ದ್ವಿಪದಿಗಳ ಗಜಲ್, ಮೂರು ಸಾಲಿನ ತ್ರಿಪದಿ, ಆರು ಸಾಲಿನ ಷಟ್ಪದಿ. ಭಾಮಿನಿ ಷಟ್ಪದಿಯನ್ನು ಒಮ್ಮೆ ಜೋರಾಗಿ ಓದಿ ನೋಡಿ. 3, 4, 3, 4 ಮಾತ್ರೆಗಳ (ಮಾತ್ರೆ ಅಂದರೆ ಅಕ್ಷರ ಉಚ್ಚರಿಸಲು ಹಿಡಿಯುವ ಕಾಲದ ಅಳತೆ) ಆ ನಡಿಗೆ ಕಾಲಿಗೇ ಗೊತ್ತಾಗುತ್ತದೆ.

ಮುಕ್ತಛಂದದಲ್ಲಿ, ಅಂದರೆ ನಿಮ್ಮದರಂತೆ ಇಂಥ ಲೆಕ್ಕವಿಲ್ಲದ ಕವಿತೆಯಲ್ಲಿ, ಲಯ ಕಟ್ಟುವ ಕೆಲಸವನ್ನು ಸಾಲು ಮುರಿಯುವ ಜಾಗ ಮಾಡಬೇಕು. "ಬಾಗಿಲು ತೆರೆದೇ ಇತ್ತು, ಯಾರೂ ಬರಲಿಲ್ಲ" ಅಂದರೆ ಬರೀ ಸುದ್ದಿ. ಇದನ್ನೇ ಹೀಗೆ ಬರೆಯಿರಿ:

ಬಾಗಿಲು ತೆರೆದೇ ಇತ್ತು
ಯಾರೂ
ಬರಲಿಲ್ಲ

"ಯಾರೂ" ಹತ್ತಿರ ಉಸಿರು ಒಂದು ಕ್ಷಣ ನಿಲ್ಲುತ್ತದಲ್ಲ? ನಿಮ್ಮ ಬರಹದ ಎರಡನೇ ಭಾಗದಲ್ಲಿ ಸಾಲುಗಳು ಸುಮ್ಮನೆ ಎಲ್ಲೆಂದರಲ್ಲಿ ಮುರಿದಿವೆ. ಅದನ್ನು ಮೊದಲು ಸರಿಮಾಡಿ, ಪ್ರಾಸದ ಗೋಜು ಬಿಡಿ.