ಭಯಭಕ್ತಿಯಿಂದ ಭಯವನ್ನು ಬಿಡಿಸಬಹುದೇ?

ಧಾರವಾಡದ ಕಡೆಯ ಕ್ರೈಸ್ತ ಸಭೆಯೊಂದರಲ್ಲಿ ಸಂಡೇ ಸ್ಕೂಲ್ ನಡೆಸುವ ಸಹೋದರಿಯೊಬ್ಬರು ನಮಗೆ ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿರೆಂದು ಕೇಳಿಕೊಂಡಿರುವುದರಿಂದ ಹಾಕಿಲ್ಲ. ಪತ್ರದ ತಿರುಳು ಹೀಗಿದೆ. ಯೆಹೋವನ ಭಯವೇ ತಿಳುವಳಿಕೆಗೆ ಮೂಲವೆಂಬ ಬೈಬಲಿನ ಜ್ಞಾನೋಕ್ತಿಯನ್ನು ಅವರು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತಿದ್ದಾಗ ಒಂಬತ್ತು ವರ್ಷದ ಹುಡುಗನೊಬ್ಬ ಎದ್ದು ನಿಂತು, “ಟೀಚರ್, ದೇವ್ರು ನಮ್ಮಪ್ಪ ಅಂತ ನೀವ ಹೇಳೀರಿ. ಅಪ್ಪ ಛಲೋ ಇದ್ರ ಅಂವಗ ಯಾಕ ಹೆದರಬೇಕ್ರಿ?” ಎಂದು ಕೇಳಿದ. ಉತ್ತರ ಹೊಳೆಯದೆ ಅವರು ಮುಂದಿನ ಭಾನುವಾರ ಗೋಡೆಯ ಚಾರ್ಟಿನಲ್ಲಿ ‘ಭಯ’ ಎಂಬಲ್ಲಿ ಬಿಳಿ ಕಾಗದ ಅಂಟಿಸಿ ‘ಪ್ರೀತಿ’ ಎಂದು ಬರೆದರು. ಸಭೆಯ ಹಿರಿಯರೊಬ್ಬರು ಅದನ್ನು ಕಂಡು, ಆರಾಧನೆಗೆ ಡ್ರಮ್ ತಂದವರು, ಜೀನ್ಸ್ ತೊಟ್ಟು ಬಂದವರು, ಈಗ ದೇವರ ವಾಕ್ಯಕ್ಕೂ ಕೈ ಹಾಕಿದರೆಂದು ಗದ್ದಲ ಮಾಡಿದರು. ಪೂರ್ಣ ಪ್ರೀತಿಯು ಹೆದರಿಕೆಯನ್ನು ಹೊರಗೆ ಅಟ್ಟುತ್ತದೆ ಎಂದು ಯೋಹಾನನೇ ತನ್ನ ಮೊದಲನೆಯ ಪತ್ರದಲ್ಲಿ ಬರೆದಿರುವಾಗ ತಾವು ಮಾಡಿದ್ದು ತಪ್ಪೇ ಎಂಬುದು ಸಹೋದರಿಯ ಪ್ರಶ್ನೆ.

ಪ್ರಿಯ ಸಹೋದರಿಯವರೇ, ಕರ್ತನ ನಾಮದಲ್ಲಿ ವಂದನೆಗಳು. ಅಯ್ಯನವರ ವರ್ಗಾವಣೆ, ಕಮಿಟಿಯ ಚುನಾವಣೆ, ಸ್ಮಶಾನದ ಕಾಂಪೌಂಡು ಇವುಗಳ ಬಗ್ಗೆ ಬರುವ ಪತ್ರಗಳ ರಾಶಿಯ ನಡುವೆ ದೇವರ ಬಗ್ಗೆಯೇ ಒಂದು ಪತ್ರ ಬಂದದ್ದು ನಮಗೆ ಹಬ್ಬವಾಯಿತು. ಆ ಹುಡುಗನಿಗೆ ನಮ್ಮ ಪರವಾಗಿ ಒಂದು ಪೆನ್ಸಿಲ್ ಡಬ್ಬಿ ಕೊಡಿ, ಹಣವನ್ನು ನಾವು ಕಳುಹಿಸುತ್ತೇವೆ.

ನಿಮ್ಮ ಕಡೆಗೂ ನ್ಯಾಯವಿದೆ ಎಂಬುದನ್ನು ಮೊದಲೇ ಒಪ್ಪಿಬಿಡುತ್ತೇನೆ. ನಮ್ಮ ಪೀಳಿಗೆಯವರನ್ನು ಬೆಳೆಸಿದವರು ದೇವರನ್ನು ಬೆತ್ತ ಹಿಡಿದ ಹೆಡ್‌ಮಾಸ್ತರನಂತೆ ತೋರಿಸಿದ್ದುಂಟು. ಸುಳ್ಳು ಹೇಳಿದರೆ ದೇವರು ನಾಲಿಗೆ ಕತ್ತರಿಸುತ್ತಾನೆಂದು ನನಗೂ ಹೇಳಿದ್ದರು, ಅದನ್ನು ನಂಬಿ ನಾನು ಒಂದು ರಾತ್ರಿಯೆಲ್ಲ ಬಾಯಿ ಮುಚ್ಚಿಕೊಂಡೇ ಮಲಗಿದ್ದೆ. ಮಕ್ಕಳನ್ನು ಸುಮ್ಮನಿರಿಸಲು ದೇವರನ್ನು ಗುಮ್ಮನನ್ನಾಗಿ ಮಾಡಿದವರು ಅದಕ್ಕೆ ದೇವರಿಗೇ ಲೆಕ್ಕ ಕೊಡಬೇಕಾಗುತ್ತದೆ. ಇಷ್ಟು ಹೇಳಿದ ಮೇಲೆ ನನ್ನ ಮಾತಿಗೆ ಬರುತ್ತೇನೆ. ಆ ಬಿಳಿ ಕಾಗದವನ್ನು ನೀವು ಕಿತ್ತು ಹಾಕಬೇಕು.

ಮಿಷನರಿ ಜಾನ್ ಹ್ಯಾಂಡ್ಸ್ ಮತ್ತು ಅವರ ಜೊತೆಗಾರರು ಬಳ್ಳಾರಿಯಲ್ಲಿ ಕುಳಿತು ಮಾಡಿದ ಕೆಲಸದಿಂದ 1831ರ ಹೊತ್ತಿಗೆ ಇಡೀ ಬೈಬಲು ಕನ್ನಡಕ್ಕೆ ಬಂದಿತ್ತು. ಅಂದಿನಿಂದ ಎಷ್ಟೋ ಪರಿಷ್ಕರಣೆಗಳಾದರೂ ‘ಭಯ’ ಎಂಬ ಪದವನ್ನು ಯಾರೂ ಕೈಬಿಡಲಿಲ್ಲ. ಅದು ಅವರ ಹಟವಲ್ಲ. ಮೂಲ ಹೀಬ್ರೂ ಭಾಷೆಯ ‘ಯಿರ್‌ಆ’ ಎಂಬ ಪದಕ್ಕೆ ಹೆದರಿಕೆ ಎಂಬ ಅರ್ಥವೂ ಉಂಟು, ದೊಡ್ಡದರ ಎದುರು ನಿಂತಾಗ ಮೈ ಜುಮ್ಮೆಂದು ತಲೆ ತಾನಾಗಿ ಬಾಗುವ ಬೆರಗಿನ ಅರ್ಥವೂ ಉಂಟು. ಬೇರೆ ಎಷ್ಟೋ ಭಾಷೆಯವರು ಈ ಎರಡರಲ್ಲಿ ಒಂದನ್ನು ಆರಿಸಲಾಗದೆ ಅಡಿಟಿಪ್ಪಣಿ ಬರೆಯುತ್ತಾರೆ. ನಮಗೆ ಆ ಕಷ್ಟವಿಲ್ಲ, ಏಕೆಂದರೆ ನಮ್ಮಲ್ಲಿ ‘ಭಯಭಕ್ತಿ’ ಇದೆ. ಧರ್ಮೋಪದೇಶಕಾಂಡದಲ್ಲಿ ಹಳೆಯ ಕನ್ನಡ ಬೈಬಲು ಬಳಸುವ ಮಾತೂ ಅದೇ. ಬೈಬಲು ಬರುವುದಕ್ಕೆ ಎಷ್ಟೋ ಮೊದಲೇ ನಮ್ಮ ಜನ ಈ ಎರಡನ್ನು ಗಂಟು ಹಾಕಿ ಒಂದೇ ಪದ ಮಾಡಿಕೊಂಡಿದ್ದರು. ಭಕ್ತಿಯನ್ನು ಹೋಗುತ್ತಲೂ ಬರುತ್ತಲೂ ಕೊಯ್ಯುವ ಗರಗಸಕ್ಕೆ ಹೋಲಿಸಿದ ಬಸವಣ್ಣನವರ ನಾಡಿನಲ್ಲಿ ಭಕ್ತಿಯೆಂದರೆ ಬರಿಯ ಅಕ್ಕರೆಯೆಂದು ಯಾರೂ ತಿಳಿದಿರಲಿಲ್ಲ.

ನೀವು ಯೋಹಾನನನ್ನು ಸಾಕ್ಷಿಗೆ ಕರೆದಿದ್ದೀರಿ, ಸಂತೋಷ. ಅದೇ ಸಾಕ್ಷಿಯನ್ನು ನಾನೂ ಸ್ವಲ್ಪ ಪ್ರಶ್ನಿಸುತ್ತೇನೆ. ಆ ಪತ್ರವನ್ನು ಬರೆದವನೂ, ಕಡೆಯ ಊಟದಲ್ಲಿ ಯೇಸುವಿನ ಎದೆಗೆ ಒರಗಿದ್ದ ಶಿಷ್ಯನೂ, ಪತ್ಮೋಸ್ ದ್ವೀಪದಲ್ಲಿ ದರ್ಶನ ಕಂಡವನೂ ಒಬ್ಬನೇ ಎಂಬುದು ಸಭೆಯ ಹಳೆಯ ಪರಂಪರೆ. ಯಾರ ಎದೆಗೆ ತಲೆಯಿಟ್ಟು ಒರಗಿದ್ದನೋ ಆತನನ್ನೇ ಮಹಿಮೆಯಲ್ಲಿ ಕಂಡಾಗ ಅವನು ಓಡಿ ಹೋಗಿ ಅಪ್ಪಿಕೊಳ್ಳಲಿಲ್ಲ. ಸತ್ತವನಂತೆ ಆತನ ಪಾದಗಳ ಬಳಿ ಬಿದ್ದನೆಂದು ಪ್ರಕಟನೆಯ ಮೊದಲನೆಯ ಅಧ್ಯಾಯ ಹೇಳುತ್ತದೆ. ಆಮೇಲೆ ಬಲಗೈ ಅವನ ಮೇಲೆ ಇಳಿಯಿತು, ‘ಹೆದರಬೇಡ’ ಎಂಬ ಮಾತೂ ಕೇಳಿಸಿತು. ನಾವೀಗ ಬೀಳುವುದನ್ನು ಬಿಟ್ಟು ನೇರವಾಗಿ ಆ ಬಲಗೈಗೆ ತಲೆಯೊಡ್ಡುತ್ತಿದ್ದೇವೆ.

ಮಾರ್ಕನ ಸುವಾರ್ತೆಯ ನಾಲ್ಕನೆಯ ಅಧ್ಯಾಯದ ಬಿರುಗಾಳಿಯ ಕಥೆಯನ್ನು ನಿಮ್ಮ ಮಕ್ಕಳು ಅಭಿನಯಗೀತೆ ಮಾಡಿ ಹಾಡಿರಬಹುದು. ಅದರ ಕೊನೆಯನ್ನು ನಿಧಾನವಾಗಿ ಓದಿಸಿ. ಅಲೆಗಳು ದೋಣಿಗೆ ನುಗ್ಗುತ್ತಿದ್ದಾಗ ಶಿಷ್ಯರು ಹೆದರಿದ್ದು ಸಹಜವೇ. ಆದರೆ ಅವರು ಬಹಳವಾಗಿ ಹೆದರಿದರೆಂದು ಮಾರ್ಕನು ಬರೆಯುವುದು ಯೇಸುವಿನ ಮಾತಿಗೆ ಗಾಳಿ ನಿಂತು ಎಲ್ಲವೂ ಶಾಂತವಾದ ಮೇಲೆ. ಮುಳುಗುವ ಅಪಾಯ ಕಳೆದಿದೆ, ಪ್ರಾಣ ಉಳಿದಿದೆ, ಹಿಂಬದಿಯಲ್ಲಿ ದಿಂಬಿಗೆ ತಲೆಯಿಟ್ಟು ಮಲಗಿದ್ದವನು ಎದ್ದು ನಿಂತಿದ್ದಾನೆ, ಈಗ ಇವನು ಯಾರಿರಬಹುದೆಂದು ಒಬ್ಬರನ್ನೊಬ್ಬರು ಕೇಳುತ್ತಾ ನಡುಗುತ್ತಿದ್ದಾರೆ. ನಿಮ್ಮ ಹುಡುಗ ಕೇಳಿದ್ದಕ್ಕೆ ನನಗೆ ತಿಳಿದ ಮಟ್ಟಿಗೆ ಉತ್ತರ ಆ ದೋಣಿಯಲ್ಲಿದೆ. ಗಾಳಿಗೆ ಹೆದರಿದವರು ಗಾಳಿಯಿಂದ ದೂರ ಹೋಗಲು ಬಯಸಿದ್ದರು, ಇವನಿಗೆ ಹೆದರಿದ ಮೇಲೆ ಮಾತ್ರ ಯಾರೂ ದೋಣಿ ಬಿಟ್ಟು ಇಳಿಯಲಿಲ್ಲ. 130ನೆಯ ಕೀರ್ತನೆಯೂ ಇದನ್ನೇ ಇನ್ನಷ್ಟು ವಿಚಿತ್ರವಾಗಿ ಹೇಳುತ್ತದೆ: ನಿನ್ನಲ್ಲಿ ಕ್ಷಮೆಯಿರುವುದರಿಂದಲೇ ಜನ ನಿನಗೆ ಭಯಪಡುತ್ತಾರಂತೆ. ಶಿಕ್ಷೆಯಿಂದ ಎಂದಿದ್ದರೆ ನಮಗೆ ಸುಲಭವಾಗಿ ಅರ್ಥವಾಗುತ್ತಿತ್ತು.

ಆದಿ ಸಭೆಯ ಬೋಧಕನಾದ ಸಂತ ಅಗಸ್ಟೀನನು ಈ ಯೋಹಾನನ ಪತ್ರದ ಮೇಲೆಯೇ ಪ್ರಸಂಗ ಮಾಡುತ್ತಾ ಇಬ್ಬರು ಹೆಂಗಸರ ಉಪಮೆ ಕೊಟ್ಟನು. ಇಬ್ಬರಿಗೂ ಗಂಡನ ಭಯವುಂಟು. ಮನಸ್ಸಿನಲ್ಲಿ ಕಳ್ಳತನವಿರುವವಳಿಗೆ ಗಂಡ ಎಲ್ಲಿ ಬಂದುಬಿಡುತ್ತಾನೋ ಎಂಬ ಭಯ, ಗಂಡನನ್ನು ಪ್ರೀತಿಸುವವಳಿಗೆ ಆತ ಎಲ್ಲಿ ಬಿಟ್ಟು ಹೋಗುತ್ತಾನೋ ಎಂಬ ಭಯ. ಪ್ರೀತಿ ಹೊರಗೆ ಅಟ್ಟುವುದು ಮೊದಲನೆಯದನ್ನು. ಎರಡನೆಯದನ್ನು ಅದು ಮನೆಯೊಳಗೇ ಇಟ್ಟುಕೊಂಡು ಸಾಕುತ್ತದೆ. ಸಭಾಸುಧಾರಕ ಲೂಥರನೂ 1529ರಲ್ಲಿ ಮನೆಮಂದಿಗಾಗಿ ಬರೆದ ಚಿಕ್ಕ ಪ್ರಶ್ನೋತ್ತರದ ಪುಸ್ತಕದಲ್ಲಿ ಹತ್ತು ಆಜ್ಞೆಗಳನ್ನು ಒಂದೊಂದಾಗಿ ವಿವರಿಸುವಾಗ, ನಾವು ದೇವರಿಗೆ ಭಯಪಟ್ಟು ಆತನನ್ನು ಪ್ರೀತಿಸಬೇಕು ಎಂದೇ ಶುರುಮಾಡುತ್ತಾನೆ. ಕೃಪೆಯ ಸುವಾರ್ತೆಯನ್ನು ಅಷ್ಟು ಗಟ್ಟಿಯಾಗಿ ಸಾರಿದವನಿಗೆ ಈ ಎರಡು ಕ್ರಿಯಾಪದಗಳು ಒಂದೇ ವಾಕ್ಯದಲ್ಲಿ ಕೂರಲು ಯಾವ ಅಡ್ಡಿಯೂ ಕಾಣಲಿಲ್ಲ.

ಇದು ಓದುಬರಹವಿಲ್ಲದವರ ಅಂಜಿಕೆಯೆಂದು ನಿಮ್ಮ ಯುವಜನ ಸಂಘದವರು ಹೇಳಿದರೆ ಅವರಿಗೆ ಬ್ಲೇಸ್ ಪಾಸ್ಕಲನನ್ನು ಪರಿಚಯಿಸಿ. ಗಾಳಿಯ ಒತ್ತಡದ ಅಧ್ಯಯನದಿಂದಲೂ ಲೆಕ್ಕ ಹಾಕುವ ಯಂತ್ರದಿಂದಲೂ ಪ್ರಸಿದ್ಧನಾದ ಫ್ರಾನ್ಸಿನ ಗಣಿತಜ್ಞನವನು. 1654ರ ನವೆಂಬರ್ 23ರ ರಾತ್ರಿ, ಹತ್ತೂವರೆಯಿಂದ ಹನ್ನೆರಡೂವರೆಯವರೆಗೆ, ಅವನಿಗೆ ಏನೋ ಸಂಭವಿಸಿತು. ಅದನ್ನು ಬರೆದಿಡಲು ಕುಳಿತ ಆ ಮಹಾ ತರ್ಕಿಯ ಲೇಖನಿಯಿಂದ ‘ಬೆಂಕಿ’ ಎಂಬ ಒಂಟಿ ಪದ ಬಂತು. ಆಮೇಲೆ ಅಬ್ರಹಾಮನ, ಇಸಾಕನ, ಯಾಕೋಬನ ದೇವರು, ತತ್ತ್ವಜ್ಞಾನಿಗಳ ಮತ್ತು ಪಂಡಿತರ ದೇವರಲ್ಲ ಎಂಬ ಮಾತುಗಳು. ಆಮೇಲೆ ಆನಂದ, ಆನಂದದ ಕಣ್ಣೀರು. ಅದನ್ನು ಅವನು ಯಾರಿಗೂ ತೋರಿಸಲಿಲ್ಲ. 1662ರಲ್ಲಿ ಅವನು ತೀರಿಕೊಂಡ ಮೇಲೆ ಅವನ ಅಂಗಿಯ ಒಳಪದರದಲ್ಲಿ ಹೊಲಿದಿಟ್ಟಿದ್ದ ಆ ಬರಹ ಮನೆಯ ಆಳಿನ ಕೈಗೆ ಸಿಕ್ಕಿತು. ಎಂಟು ವರ್ಷ ಎದೆಯ ಹತ್ತಿರ ಹೊತ್ತು ತಿರುಗಿದ್ದಾನೆ! ಇಂದು ನಮಗೆ ಉಪವಾಸಕೂಟದಲ್ಲಿ ಎರಡು ಹನಿ ಕಣ್ಣೀರು ಬಂದರೂ ಸಂಜೆಯೊಳಗೆ ಅದು ವಾಟ್ಸ್ಆ್ಯಪ್ ಸ್ಟೇಟಸ್ಸಿಗೆ ಏರಿರುತ್ತದೆ.

ಭಯಭಕ್ತಿಯಿರುವಲ್ಲಿ ಸಲಿಗೆ ಇರುವುದಿಲ್ಲವೆಂದು ನೀವು ಆತಂಕ ಪಟ್ಟಿದ್ದೀರಿ. ನಮ್ಮಜ್ಜಿಯನ್ನು ನೆನೆಸಿಕೊಂಡರೆ ನನಗೆ ಆ ಆತಂಕ ಉಳಿಯುವುದಿಲ್ಲ. ಅಕ್ಷರ ಬಾರದ ಹೆಂಗಸು. ಭಾನುವಾರ ದೇವಾಲಯದ ಹೊರಗೆ ಚಪ್ಪಲಿ ಬಿಟ್ಟು, ನಲ್ಲಿಯಲ್ಲಿ ಕಾಲು ತೊಳೆದು, ಸೆರಗನ್ನು ತಲೆಯ ಮೇಲೆ ಹೊದ್ದು, ಹೊಸ್ತಿಲ ಬಳಿ ಒಂದು ಕ್ಷಣ ನಿಂತ ಮೇಲೆಯೇ ಒಳಗೆ ಕಾಲಿಡುತ್ತಿದ್ದಳು. ಉರಿಯುವ ಪೊದೆಯ ಮುಂದೆ ಮೋಶೆಗೆ ಕೆರ ಬಿಚ್ಚಲು ಹೇಳಿದ್ದನ್ನು ಅವಳು ಪ್ರಸಂಗದಲ್ಲಿ ಕೇಳಿಸಿಕೊಂಡಿದ್ದಳೋ, ಊರಿನ ರೂಢಿಯೇ ಹಾಗಿತ್ತೋ, ಈಗ ಹೇಳಲಾರೆ. ಒಳಗೆ ನಾವು ಪಿಸುಗುಟ್ಟಿದರೆ ತೊಡೆ ಚಿವುಟುತ್ತಿದ್ದಳು. ಅದೇ ಅಜ್ಜಿ ಹಿತ್ತಲಿನಲ್ಲಿ ಪಾತ್ರೆ ತಿಕ್ಕುತ್ತಾ ದೇವರನ್ನು ಏಕವಚನದಲ್ಲಿ ತರಾಟೆಗೆ ತೆಗೆದುಕೊಳ್ಳುತ್ತಿದ್ದಳು: “ನಿನಗೆ ಕಣ್ಣು ಕಾಣಿಸುವುದಿಲ್ಲವೇನು ಸ್ವಾಮಿ, ಎರಡು ವರ್ಷದಿಂದ ಮಳೆಯಿಲ್ಲ.” ಹಾಗೆ ಜಗಳವಾಡುವ ಹಕ್ಕನ್ನು ಅವಳಿಗೆ ಕೊಟ್ಟಿದ್ದೇ ಆ ಹೊಸ್ತಿಲ ಬಳಿಯ ನಿಲುಗಡೆಯೆಂದು ನನಗೆ ಅನ್ನಿಸುತ್ತದೆ. ಕರ್ತನು ಕಲಿಸಿದ ಪ್ರಾರ್ಥನೆಯೂ ‘ನಮ್ಮ ತಂದೆಯೇ’ ಎಂದು ಸಲಿಗೆಯಿಂದ ಕರೆದು, ಉಸಿರು ಬಿಡುವಷ್ಟರಲ್ಲಿ ‘ನಿನ್ನ ನಾಮವು ಪರಿಶುದ್ಧವೆಂದು ಎಣಿಸಲ್ಪಡಲಿ’ ಎಂದು ಹಿಂದಕ್ಕೆ ಸರಿದು ನಿಲ್ಲುತ್ತದೆ.

ನಿಮ್ಮ ಹಿರಿಯರಿಗೂ ಒಂದು ಮಾತು ಹೇಳಬೇಕಾಗಿದೆ, ಈ ಸಂಚಿಕೆಯನ್ನು ಅವರ ಕೈಗೆ ಕೊಡಿ. ಭಯಭಕ್ತಿಯನ್ನು ಅಳೆಯುವ ಟೇಪು ದರ್ಜಿಯ ಬಳಿ ಇಲ್ಲ. ಸಮುವೇಲನ ಎರಡನೆಯ ಗ್ರಂಥದ ಆರನೆಯ ಅಧ್ಯಾಯದಲ್ಲಿ ದಾವೀದನು ದೇವರ ಆಜ್ಞೆಗಳ ಹಲಗೆಗಳಿದ್ದ ಪವಿತ್ರ ಪೆಟ್ಟಿಗೆಯಾದ ಮಂಜೂಷದ ಮುಂದೆ ತಾಳ, ದಮ್ಮಡಿಗಳ ನಡುವೆ ಪೂರ್ಣಾಸಕ್ತಿಯಿಂದ ಕುಣಿದನು. ಅದೇ ಅಧ್ಯಾಯದಲ್ಲಿ ಮಂಜೂಷ ಜಾರೀತೆಂದು ಕೈಚಾಚಿದ ಉಜ್ಜನು ಸತ್ತನು, ದಾವೀದನಿಗೆ ಭಯ ಹಿಡಿದು ಮೂರು ತಿಂಗಳು ಅದನ್ನು ಪಟ್ಟಣದೊಳಗೆ ತರಿಸಲಿಲ್ಲ. ವಾದ್ಯ ಬಾರಿಸುವವನಿಗೆ ಭಯವಿಲ್ಲವೆಂದು ಈ ಅಧ್ಯಾಯ ಓದಿದವರು ಹೇಳಲಾರರು. ಡ್ರಮ್ಮಿಗೆ ಸಿಡಿಮಿಡಿಗೊಳ್ಳುವ ಬಿಳಿ ಅಂಗಿಯ ಹಿರಿಯರೇ ಸಭೆಯ ಆಸ್ತಿಗಾಗಿ ಕೋರ್ಟಿನಲ್ಲಿ ಬೈಬಲು ಮುಟ್ಟಿ ಸುಳ್ಳು ಪ್ರಮಾಣ ಮಾಡಿದ್ದನ್ನು ನಾನು ಕಂಡಿದ್ದೇನೆ. ವೇದಿಕೆಯ ಮೇಲೆ ಬಣ್ಣದ ದೀಪ, ಹೊಗೆಯ ಯಂತ್ರ, ದೇವರನ್ನು ಸಾಲದ ಏಜೆಂಟನಂತೆ ಪರಿಚಯಿಸುವ ಸಮೃದ್ಧಿಯ ಪ್ರಸಂಗಗಳು ಒಂದು ಕಡೆಯಾದರೆ, ಮತಕ್ಕಾಗಿ ಬಾಡೂಟ ಹಾಕಿಸುವ ಪಾಸ್ಟೊರೇಟ್ ಚುನಾವಣೆಗಳು ಇನ್ನೊಂದು ಕಡೆ. ಎರಡಕ್ಕೂ ಬೇರು ಒಂದೇ: ಆತನು ಅಲ್ಲಿದ್ದಾನೆಂಬುದು ಯಾರ ನೆನಪಿನಲ್ಲಿಯೂ ಇಲ್ಲ.

ಬೈಯುವ ಹಕ್ಕು ನನಗೂ ಪೂರ್ತಿಯಾಗಿಲ್ಲ. ಹೋದ ವರ್ಷ ಕರ್ತನ ಭೋಜನದ ಹೊತ್ತಿನಲ್ಲಿ, ರೊಟ್ಟಿ ಮುರಿಯುವ ಆ ನಿಶ್ಶಬ್ದದಲ್ಲಿ, ಪ್ರೆಸ್ಸಿನವನ ಕರೆ ಬಂದು ಗರ್ಜಿಸಿದ್ದು ನನ್ನ ಜೇಬಿನಲ್ಲಿದ್ದ ಮೊಬೈಲೇ. ಅದನ್ನು ಆರಿಸುವುದಕ್ಕೆ ಬದಲು ಹೆಸರು ಯಾರದೆಂದು ನೋಡಿದೆ. ನನ್ನ ನಾಚಿಕೆ ಅದಕ್ಕೆ.

ಇನ್ನು ಮಕ್ಕಳಲ್ಲಿ ಇದನ್ನು ಬೆಳೆಸುವುದು ಹೇಗೆಂದು ಕೇಳಿದ್ದೀರಿ. ಪಾಠ ಹೇಳಿ ಬೆಳೆಸುವುದು ಕಷ್ಟ. ಕ್ರಿಸ್ಮಸ್ಸಿಗೆ ಮುಂಚಿನ ಅಡ್ವೆಂಟ್ ತಿಂಗಳಲ್ಲಿ ಒಂದು ಸಂಜೆ, ಬೆಳದಿಂಗಳಿಲ್ಲದ ದಿನ ನೋಡಿಕೊಂಡು, ಅವರನ್ನು ಊರ ದೀಪಗಳಿಂದ ದೂರ ಕರೆದುಕೊಂಡು ಹೋಗಿ. ನೆತ್ತಿಯ ಸುಮಾರಿಗೆ ದೇವಯಾನಿ ನಕ್ಷತ್ರಪುಂಜದಲ್ಲಿ ಹತ್ತಿಯ ಎಳೆಯಂಥ ಒಂದು ಮಸುಕು ಬೆಳಕು ಬರಿಗಣ್ಣಿಗೇ ಕಾಣುತ್ತದೆ. ಅದು ಇನ್ನೊಂದು ಗೆಲಾಕ್ಸಿ. ಅಂದು ನಿಮ್ಮ ಮಕ್ಕಳ ಕಣ್ಣಿಗೆ ಬೀಳುವ ಬೆಳಕು ಅಲ್ಲಿಂದ ಹೊರಟು ಸುಮಾರು 25 ಲಕ್ಷ ವರ್ಷಗಳಾಗಿವೆ. ವಿವರಣೆಯನ್ನು ಅಷ್ಟಕ್ಕೇ ನಿಲ್ಲಿಸಿ, ಎಂಟನೆಯ ಕೀರ್ತನೆಯನ್ನು ಟಾರ್ಚಿನ ಬೆಳಕಿನಲ್ಲಿ ಒಬ್ಬರು ಓದಲಿ, ಆಮೇಲೆ ಐದು ನಿಮಿಷ ಯಾರೂ ಮಾತಾಡದಿರಲಿ. ದೇವರ ಆಲಯಕ್ಕೆ ಹೋಗುವಾಗ ನಿನ್ನ ಮಾತು ಕೊಂಚವಾಗಿರಲಿ ಎಂದು ಬೈಬಲಿನ ಪ್ರಸಂಗಿಯು ಹೇಳಿದ್ದನ್ನು ನಮ್ಮ ಆರಾಧನೆಗಳು ಮರೆತಿವೆ, ಮಕ್ಕಳಾದರೂ ಅಭ್ಯಾಸ ಮಾಡಲಿ. ಮನುಷ್ಯನು ಎಷ್ಟು ಮಾತ್ರದವನು, ನೀನು ಅವನನ್ನು ನೆನಸುವುದೇಕೆ ಎಂದು ಆ ಕೀರ್ತನೆಗಾರನು ಕೇಳುತ್ತಾನೆ. ನಿಮ್ಮ ಹುಡುಗನ ಪ್ರಶ್ನೆಗೂ ಅವನ ಪ್ರಶ್ನೆಗೂ ನೆಂಟಸ್ತನವಿದೆ, ಇಬ್ಬರನ್ನೂ ಪಕ್ಕಪಕ್ಕದಲ್ಲಿ ಕೂರಿಸಿ.

ಅಂಟಿಸಿದ ಕಾಗದವನ್ನು ಒದ್ದೆ ಬಟ್ಟೆಯಿಂದ ಮೆಲ್ಲಗೆ ತೆಗೆಯಿರಿ, ಚಾರ್ಟು ಹರಿಯದಂತೆ. ‘ಪ್ರೀತಿ’ ಎಂದು ಬರೆದ ಆ ಚೀಟಿಯನ್ನು ಎಸೆಯಬೇಡಿ. ಅದೇ ಗೋಡೆಯಲ್ಲಿ ಯೋಹಾನನ ವಚನದ ಕೆಳಗೆ ಅದಕ್ಕೆ ಜಾಗವಿದೆ. ಹುಡುಗನಿಗೆ ದೋಣಿಯ ಕಥೆ ಹೇಳಿದ ಮೇಲೆ ಅವನು ಇನ್ನೇನು ಕೇಳಿದನೆಂದು ತಪ್ಪದೆ ಬರೆಯಿರಿ.

— ಸಂಪಾದಕ